ಆ ಬಾಚಣಿಗೆ ಎಲ್ಲಿ ಹೋಯಿತು?

ನಮಸ್ಕಾರ.

1957ರ 'ಹೆವನ್ ನೋಸ್, ಮಿಸ್ಟರ್ ಅಲಿಸನ್' ಸಿನಿಮಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಸಿನಿಮಾ ನಿಮಗೆ ನಿಜವಾಗಿ ಹಿಡಿಸಿದೆ ಅನ್ನೋದು ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಸಣ್ಣಪುಟ್ಟ ತಪ್ಪುಗಳು. ಪೆಸಿಫಿಕ್ ಸಾಗರದ ನೀಲಿ ಬಣ್ಣವನ್ನು ಒಂದು ಪ್ಯಾರಾ ಪೂರ್ತಿ ಹೊಗಳಿದ್ದೀರಿ. ಕತೆ ನಡೆಯುವುದು 1944ರಲ್ಲಿ, ಪೆಸಿಫಿಕ್‌ನ ಒಂದು ದ್ವೀಪದಲ್ಲಿ, ಸರಿ. ಆದರೆ ನಿರ್ದೇಶಕ ಜಾನ್ ಹ್ಯೂಸ್ಟನ್ ಚಿತ್ರೀಕರಣ ಮಾಡಿದ್ದು ಕೆರಿಬಿಯನ್ನಿನ ಟೊಬೇಗೊದಲ್ಲಿ. ಆ ನೀಲಿ ಬೇರೆ ಕಡಲಿನದು! ಡೆಬೋರಾ ಕರ್‌ಗೆ ಇದರ ಸನ್ಯಾಸಿನಿ ಪಾತ್ರಕ್ಕೆ ಆಸ್ಕರ್ ಬಂತು ಅಂದಿದ್ದೀರಿ. ಬಂದದ್ದು ನಾಮನಿರ್ದೇಶನ ಮಾತ್ರ, ಆ ವರ್ಷ ಗೆದ್ದವರು ಜೋಆನ್ ವುಡ್‌ವರ್ಡ್. ಕರ್ ಸನ್ಯಾಸಿನಿಯ ಪಾತ್ರ ಮಾಡಿದ್ದು ಇದೇ ಮೊದಲು ಅನ್ನೋದೂ ತಪ್ಪು. ಹತ್ತು ವರ್ಷ ಮುಂಚೆಯೇ, 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಮಾಡಿದ್ದರು. ಇವನ್ನೆಲ್ಲ ಹತ್ತು ನಿಮಿಷದಲ್ಲಿ ತಿದ್ದಬಹುದು, ಬಿಡಿ.

ತಿದ್ದಲು ಕಷ್ಟವಾಗುವುದು ಈ ಸಾಲು: "ಅವಳಿಗಾಗಿ ಅವನು ಪ್ರಾಣವನ್ನೇ ಪಣಕ್ಕಿಡುತ್ತಾನೆ." ಇದನ್ನು ನೂರು ಸಿನಿಮಾಗಳ ಬಗ್ಗೆ ಬರೆಯಬಹುದು. ಈ ಸಿನಿಮಾದಲ್ಲಿ ಏನಾಗುತ್ತದೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಜಪಾನಿ ಸೈನಿಕರು ದ್ವೀಪಕ್ಕೆ ಬರುತ್ತಾರೆ. ಅಮೆರಿಕದ ಮರೀನ್ ಸೈನಿಕ ಅಲಿಸನ್, ಸನ್ಯಾಸಿನಿ ಸಿಸ್ಟರ್ ಏಂಜೆಲಾ ಇಬ್ಬರೂ ಗುಹೆಯಲ್ಲಿ ಅಡಗುತ್ತಾರೆ. ಅವನು ಮೀನು ಹಿಡಿದು ತರುತ್ತಾನೆ. ಬೆಂಕಿ ಹಾಕುವ ಹಾಗಿಲ್ಲ, ಹೊಗೆ ಕಂಡರೆ ಕತೆ ಮುಗಿಯಿತು. ಹಸಿ ಮೀನು ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಅವನು ರಾತ್ರಿ ಶತ್ರುಗಳ ಉಗ್ರಾಣಕ್ಕೆ ನುಗ್ಗುತ್ತಾನೆ. ಒಳಗೆ ಹೋದವನು ಹೊರಗೆ ಬರಲಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಯಾಕೆಂದರೆ ಇಬ್ಬರು ಜಪಾನಿಗಳು ಅಲ್ಲೇ ಕೂತು 'ಸಾಕೆ' ಅನ್ನುವ ಅಕ್ಕಿ ಮದ್ಯ ಕುಡಿಯುತ್ತಾ 'ಗೋ' ಅನ್ನುವ ಹಲಗೆ ಆಟ ಶುರು ಮಾಡುತ್ತಾರೆ. ಅದೂ ನಿಧಾನವಾದ ಆಟ! ಇವನು ಉಸಿರು ಬಿಗಿಹಿಡಿದು ಕಾಯಬೇಕು. ಪ್ರಾಣ ಪಣಕ್ಕಿಡುವುದು ಅಂದರೆ ಇಲ್ಲಿ ಇದು: ಒಬ್ಬಳಿಗೆ ಹಸಿ ಮೀನು ಸೇರಲಿಲ್ಲ ಅಂತ ಊಟದ ಡಬ್ಬಿ ಕದಿಯಲು ಹೋಗುವುದು. ಇದನ್ನು ಬರೆದರೆ "ಪ್ರಾಣ" ಅನ್ನುವ ಪದವೇ ಬೇಕಾಗುವುದಿಲ್ಲ.

ಬಾಚಣಿಗೆಯ ಮಾತೇ ನಿಮ್ಮ ಲೇಖನದಲ್ಲಿ ಇಲ್ಲ. ನನಗೆ ಬೇಜಾರಾಗಿದ್ದು ಇದಕ್ಕೇ. ಅಷ್ಟು ಒರಟ ಮನುಷ್ಯ ಕೂತು, ಕೆತ್ತಿ, ಅವಳಿಗೊಂದು ಬಾಚಣಿಗೆ ಮಾಡಿಕೊಡುತ್ತಾನೆ. ತಲೆಗೆ ಸದಾ ಮುಸುಕು ಹಾಕುವ, ಕೂದಲು ಕತ್ತರಿಸಿಕೊಂಡ ಸನ್ಯಾಸಿನಿಗೆ ಬಾಚಣಿಗೆ! ನಗು ಬರುತ್ತದೆ, ಹಿಂದೆಯೇ ಸಂಕಟ ಆಗುತ್ತದೆ. ಇಬ್ಬರ ನಡುವಿನ ದೂರ ಎಷ್ಟು ಅಂತ ಈ ಒಂದು ಸಾಮಾನು ಹೇಳಿಬಿಡುತ್ತದೆ. ನೀವು ಅದನ್ನು ಬಿಟ್ಟು, "ವಿಭಿನ್ನ ಹಿನ್ನೆಲೆಯ ಎರಡು ಹೃದಯಗಳು" ಅಂತ ಬರೆದಿದ್ದೀರಿ.

ಹಾಗೆ ನೋಡಿದರೆ ಹಿನ್ನೆಲೆ ಅಷ್ಟೇನೂ ವಿಭಿನ್ನ ಅಲ್ಲ. ಅವನು ಅನಾಥ. ಮಗುವಾಗಿ ಅವನು ಸಿಕ್ಕಿದ ಬೀದಿಯ ಹೆಸರೇ ಅವನ ಹೆಸರಾಯಿತು. ಅವನಿಗೆ ಮರೀನ್ ಪಡೆಯೇ ಮನೆ, ಅವಳಿಗೆ ಚರ್ಚು. ಇಬ್ಬರೂ ಸಮವಸ್ತ್ರದವರು, ಇಬ್ಬರೂ ಮೇಲಿನವರ ಮಾತಿಗೆ ನಡೆಯುವವರು. ಅವಳು ಸನ್ಯಾಸಿನಿಯಾಗಿಯೇ ಉಳಿಯುವ ಕೊನೆಯ ವ್ರತವನ್ನು ಇನ್ನೂ ತೆಗೆದುಕೊಂಡಿಲ್ಲ ಅನ್ನೋದು ಗೊತ್ತಾದಾಗ ಅವನಿಗೆ ಆಸೆ ಹುಟ್ಟುತ್ತದೆ. ಅಷ್ಟಾದರೂ ಅವನ ಬಾಯಲ್ಲಿ ಅವಳು 'ಮ್ಯಾಮ್', ಅವಳ ಬಾಯಲ್ಲಿ ಅವನು 'ಮಿಸ್ಟರ್ ಅಲಿಸನ್'. ನೀವು ಕನ್ನಡಕ್ಕೆ ತಂದ ಸಂಭಾಷಣೆಯಲ್ಲಿ ಇಬ್ಬರೂ "ನೀನು, ನೀನು" ಅಂತಾರೆ. ಅಲ್ಲಿಗೆ ಸಿನಿಮಾನೇ ಹೋಯಿತಲ್ಲ! ಬಹುವಚನ ನಮ್ಮ ಭಾಷೆಯಲ್ಲಿ ಸುಮ್ನೆ ಇದೆಯಾ? "ನೀವು" ಅಂತಲೇ ಇರಲಿ. ಅವನು ಸಾಕೆ ಕುಡಿದು, ನಾವಿಬ್ಬರೂ ಆಡಮ್ ಮತ್ತು ಈವ್ ಇದ್ದ ಹಾಗೆ ಅಂತ ಬಾಯಿಬಿಡುವ ರಾತ್ರಿ ಮಾತ್ರ "ನೀನು" ಬಂದರೆ, ಅವಳು ಮಳೆಯಲ್ಲಿ ಯಾಕೆ ಓಡಿದಳು ಅಂತ ಬೇರೆ ವಿವರಿಸಬೇಕಾಗಿಲ್ಲ.

ಸೆನ್ಸಾರಿನವರನ್ನು ನಟರು ಹೇಗೆ ಆಟ ಆಡಿಸಿದರು ಅನ್ನುವ ಪ್ರಸಂಗಕ್ಕೆ ಮೂರು ಪ್ಯಾರಾ ಕೊಟ್ಟಿದ್ದೀರಿ. ಜಾಸ್ತಿ ಆಯಿತು. ತೆಗೆಯಿರಿ. ಆ ಜಾಗದಲ್ಲಿ ಹ್ಯೂಸ್ಟನ್ ಅವರದ್ದೇ 1951ರ 'ದಿ ಆಫ್ರಿಕನ್ ಕ್ವೀನ್' ಬಗ್ಗೆ ನಾಲ್ಕು ಸಾಲು ಬರೆಯಿರಿ. ಅದು ಮೊದಲ ಮಹಾಯುದ್ಧದ ಕಾಲದ ಕತೆ. ಅಲ್ಲೂ ಒಬ್ಬ ಒರಟ, ಒಬ್ಬಳು ದೇವರ ಕಡೆಯವಳು, ಒಂದು ದೋಣಿ. ಅಲ್ಲಿ ಜೋಡಿಗೆ ಮದುವೆಯೇ ಆಗುತ್ತದೆ. ಇಲ್ಲಿ ಕೊನೆಗೆ ಅವನು ಗಾಯಗೊಂಡು ಸ್ಟ್ರೆಚರ್ ಮೇಲೆ, ಅವಳು ಪಕ್ಕದಲ್ಲಿ ನಡೆಯುತ್ತಾ. ಅದೇ ನಿರ್ದೇಶಕ ಆರು ವರ್ಷದ ನಂತರ ಯಾಕೆ ಹೀಗೆ ಬೇರೆ ದಾರಿ ಹಿಡಿದ? ನಿಮಗೆ ಏನು ಅನ್ನಿಸುತ್ತದೆ? ಓದುಗರಿಗೆ ನಿಮ್ಮಿಂದ ಬೇಕಿರುವುದು ಅದು. ಕತೆಯ ಸಾರಾಂಶ ಎಲ್ಲಿ ಬೇಕಾದರೂ ಸಿಗುತ್ತದೆ.

ಸಿನಿಮಾವನ್ನು ಇನ್ನೊಂದು ಸಲ ನೋಡಿ. ಕೈಯಲ್ಲಿ ಪೆನ್ನು ಬೇಡ. ಮಾರನೇ ದಿನ ಬೆಳಿಗ್ಗೆ ಏನು ನೆನಪಿದೆಯೋ ಅದರಿಂದ ಶುರು ಮಾಡಿ. ಈಗಿನ 1,400 ಪದ 800ಕ್ಕೆ ಇಳಿಯಲಿ. "ಪ್ರೀತಿಗೆ ಗಡಿಗಳಿಲ್ಲ" ಅನ್ನುವ ಕೊನೆಯ ಪ್ಯಾರಾ ನಾನೇ ಹೊಡೆದು ಹಾಕಿದ್ದೇನೆ. ತಿಂಗಳ ಕೊನೆಯೊಳಗೆ ಕಳಿಸಿದರೆ ಮತ್ತೆ ಓದುತ್ತೇನೆ.

ಹಾಂ, ಶೀರ್ಷಿಕೆಯಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ ಇವೆ. ನಾನೂ ಈ ಪತ್ರದಲ್ಲಿ ಅಲ್ಲಲ್ಲಿ ಹಾಕಿದ್ದೇನೆ, ಒಪ್ಪಿದೆ. ಆದರೂ ಅವನ್ನು ತೆಗೆಯಿರಿ.