ಸರ್ವಿಸ್ ಮಾಡಿದ ಮೇಲೆ ಡ್ರೈವ್ ಲಿವರ್ ಒತ್ತದಿದ್ದರೂ ಸ್ನೋಬ್ಲೋವರ್ (ಹಿಮ ಎತ್ತಿ ಎಸೆಯುವ ಯಂತ್ರ) ಮುಂದಕ್ಕೆ ಹೋಗುತ್ತಿದೆ. ಗೇರ್‌ಬಾಕ್ಸ್ ಬದಲಿಸಬೇಕಾ?

ಗೇರ್‌ಬಾಕ್ಸ್ ಮುಟ್ಟಬೇಡಿ. ಸರ್ವಿಸ್‌ಗೆ ಮುಂಚೆ ಸರಿಯಿತ್ತು, ಬೆಲ್ಟ್ ಮತ್ತು ಫ್ರಿಕ್ಷನ್ ವೀಲ್‌ನ ರಬ್ಬರ್ ಹೊಸದು ಹಾಕಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ತಪ್ಪು ನಿಮ್ಮ ಕೈ ಹೋದ ಜಾಗದಲ್ಲೇ ಇದೆ. ಸವೆದ ಭಾಗದಿಂದ ಯಂತ್ರದ ಎಳೆತ ಕಡಿಮೆಯಾಗುತ್ತದೆ, ಅದು ತಾನಾಗಿ ಹೊರಡುವುದಿಲ್ಲ.

ನನಗೂ ಹೀಗೇ ಆಗಿತ್ತು. ಚಳಿಗಾಲಕ್ಕೆ ಮುಂಚೆ ಆಯಿಲ್ ಬದಲಿಸಿದೆ, ಗ್ರೀಸ್ ಹಚ್ಚಿದೆ, ಸವೆದ ರಬ್ಬರ್ ತೆಗೆದು ಹೊಸದು ಕೂರಿಸಿದೆ. ಕೊನೆಗೆ ನೋಡಿದರೆ ಡ್ರೈವ್ ಲಿವರ್‌ನ ಕೇಬಲ್ ಸ್ವಲ್ಪ ಸಡಿಲ ಇತ್ತು. ಇದರಿಂದಲೇ ಎಳೆತ ಕಡಿಮೆ ಅಂದುಕೊಂಡು ಅಡ್ಜಸ್ಟರ್ ತಿರುಗಿಸಿ ಬಿಗಿ ಮಾಡಿಬಿಟ್ಟೆ. ಮೊದಲ ಹಿಮ ಬಿದ್ದ ದಿನ ಸ್ಟಾರ್ಟ್ ಮಾಡಿದರೆ, ಹ್ಯಾಂಡಲ್ ಮೇಲೆ ಕೈ ಇಲ್ಲದಿದ್ದರೂ ಅದು ಹೊರಟು ಗ್ಯಾರೇಜ್ ಬಾಗಿಲಿಗೆ ಗುದ್ದಿತು. ಬಾಗಿಲು ಬಗ್ಗಿತು. ಎದುರಿಗೆ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ.

ಆ ಸಡಿಲ ಬೇಕಾಗಿಯೇ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಫ್ರಿಕ್ಷನ್ ಡ್ರೈವ್ ಇರುವ ಹೆಚ್ಚಿನ ಯಂತ್ರಗಳಲ್ಲಿ ಇಂಜಿನ್ ಓಡುವಾಗ ಒಂದು ಲೋಹದ ತಟ್ಟೆ ತಿರುಗುತ್ತಲೇ ಇರುತ್ತದೆ. ಅದಕ್ಕೆ ಅಡ್ಡಲಾಗಿ ರಬ್ಬರ್ ಸುತ್ತಿದ ಚಕ್ರ ಇರುತ್ತದೆ, ಅದೇ ಫ್ರಿಕ್ಷನ್ ವೀಲ್. ಲಿವರ್ ಒತ್ತಿದಾಗ ಎರಡೂ ತಾಗುತ್ತವೆ, ಬಿಟ್ಟಾಗ ನಡುವೆ ಸಣ್ಣ ಸಂದು ಬರಬೇಕು. ರಬ್ಬರ್ ಸವೆದಂತೆಲ್ಲ ಆ ಸಂದು ಜಾಸ್ತಿಯಾಗುತ್ತದೆ, ನಾವು ವರ್ಷ ವರ್ಷ ಕೇಬಲ್ ಬಿಗಿ ಮಾಡುತ್ತಾ ಹೋಗುತ್ತೇವೆ. ಹೊಸ ರಬ್ಬರ್ ಹಾಕಿದ ತಕ್ಷಣ ಚಕ್ರದ ಸುತ್ತಳತೆ ದೊಡ್ಡದಾಯಿತು, ಆದರೆ ಕೇಬಲ್ ಹಳೆಯ ಅಳತೆಯಲ್ಲೇ ಉಳಿಯಿತು. ಅಂದರೆ ಹೊಸ ರಬ್ಬರ್ ಹಾಕಿದಾಗ ಕೇಬಲ್ ಸಡಿಲ ಮಾಡಬೇಕಾದ ಪರಿಸ್ಥಿತಿ ಬರುತ್ತದೆ, ನಾನು ಅದನ್ನೇ ಇನ್ನಷ್ಟು ಬಿಗಿ ಮಾಡಿದ್ದೆ. ಸೈಕಲ್‌ನ ಬ್ರೇಕ್ ವೈರ್ ಅತಿಯಾಗಿ ಎಳೆದರೆ ಬ್ರೇಕ್ ಹಿಡಿಯದಿದ್ದರೂ ರಬ್ಬರ್ ರಿಮ್‌ಗೆ ಉಜ್ಜುತ್ತದಲ್ವಾ, ಹಾಗೆ.

ನಿಮ್ಮದರಲ್ಲೂ ಇದೇನಾ ಅಂತ ಇಂಜಿನ್ ಆಫ್ ಮಾಡಿಯೇ ನೋಡಬಹುದು. ಕೀ ತೆಗೆಯಿರಿ, ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿ. ಡ್ರೈವ್ ಲಿವರ್ ಒತ್ತದೆ ಯಂತ್ರವನ್ನು ಮೆಲ್ಲಗೆ ತಳ್ಳಿ, ಸಲೀಸಾಗಿ ಉರುಳಬೇಕು. ಲಿವರ್ ಒತ್ತಿ ತಳ್ಳಿದರೆ ಚಕ್ರ ತಿರುಗಬಾರದು. ಆಮೇಲೆ ಲಿವರ್ ಬಿಟ್ಟು ಗೇರ್ ಕಡ್ಡಿಯನ್ನು ಹಿಂದಿನ ಕೊನೆಯಿಂದ ಮುಂದಿನ ಕೊನೆಯವರೆಗೆ ಆಡಿಸಿ. ಎಲ್ಲಾದರೂ ಬಿಗಿ ಹಿಡಿದರೆ ರಬ್ಬರ್ ತಟ್ಟೆಗೆ ತಾಗುತ್ತಿದೆ ಅಂತಲೇ ಲೆಕ್ಕ. ಕೇಬಲ್ ಸಡಿಲ ಮಾಡಿ.

ಸಡಿಲ ಮಾಡಿದ ಮೇಲೂ ಹಿಡಿದರೆ ಕೆಳಗಿನ ಮುಚ್ಚಳ ಬಿಚ್ಚಿ ನೋಡಬೇಕು. ಯಂತ್ರವನ್ನು ಮುಂದಕ್ಕೆ ಬಾಗಿಸುವ ಮುಂಚೆ ಪೆಟ್ರೋಲ್ ತೆಗೆದುಬಿಡಿ. ವಾಪಸ್ ಎಳೆಯುವ ಸ್ಪ್ರಿಂಗ್ ಕೊಕ್ಕೆಯಿಂದ ಕಳಚಿರಬಹುದು, ಅಥವಾ ಬೆಲ್ಟ್ ಹಾಕುವಾಗ ಸರಿಸಿದ ಪ್ಲೇಟ್ ತನ್ನ ಜಾಗದಲ್ಲಿ ಕೂತಿರಲಿಕ್ಕಿಲ್ಲ. ನಿಮ್ಮದು ಹೈಡ್ರೋಸ್ಟಾಟಿಕ್ ಡ್ರೈವ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವಂಥದ್ದು) ಆಗಿದ್ದರೆ ಮಾತ್ರ ಕಥೆ ಬೇರೆ, ಅದರಲ್ಲಿ ನ್ಯೂಟ್ರಲ್‌ನ ಅಡ್ಜಸ್ಟ್‌ಮೆಂಟ್ ನೋಡಬೇಕು.

ಸುಮ್ನೆ ನ್ಯೂಟ್ರಲ್‌ನಲ್ಲಿಟ್ಟು ಈ ಸೀಸನ್ ಕಳೆಯಬಹುದಾ ಅಂತ ಕೇಳಿದ್ದೀರಲ್ಲ, ಖಂಡಿತ ಬೇಡ. ಕೈ ಬಿಟ್ಟರೆ ನಿಲ್ಲಬೇಕು ಅನ್ನುವುದಕ್ಕೇ ಆ ಲಿವರ್ ಇರುವುದು. ಕೆಲವು ಮಾದರಿಗಳಲ್ಲಂತೂ ನ್ಯೂಟ್ರಲ್ಲೇ ಇಲ್ಲ. ಬೆಲ್ಟ್ ಬಿಚ್ಚಿದ್ದೀರಿ ಅಂದರೆ ಆಗರ್ (ಮುಂದೆ ಹಿಮವನ್ನು ಒಳಗೆಳೆಯುವ ಸುರುಳಿ) ಕಡೆಯೂ ನೋಡಿ. ಅದರ ಲಿವರ್ ಬಿಟ್ಟ 5 ಸೆಕೆಂಡಿನೊಳಗೆ ಆಗರ್ ನಿಲ್ಲಬೇಕು. ನಿಲ್ಲದಿದ್ದರೆ ಬೆಲ್ಟ್‌ಗೆ ಒತ್ತುವ ಬ್ರೇಕ್ ಸರಿಯಾಗಿ ಕೂತಿಲ್ಲ, ಅದು ಸರಿಯಾಗುವ ತನಕ ಯಂತ್ರ ಹೊರಗೆ ತೆಗೆಯಬೇಡಿ.

ಎಲ್ಲ ಮುಗಿದ ಮೇಲೆ ಬಯಲು ಜಾಗದಲ್ಲಿ ಸ್ಟಾರ್ಟ್ ಮಾಡಿ, ಲಿವರ್ ಒತ್ತದೆ ಪ್ರತಿ ಗೇರ್‌ನಲ್ಲೂ ನಿಂತೇ ಇರುತ್ತದಾ ನೋಡಿ. ಲಿವರ್ ಒತ್ತಿದರೂ ಏರಿನಲ್ಲಿ ಎಳೆಯದೆ ಡ್ರೈವ್ ಜಾರಿದರೆ ಇಂಜಿನ್ ಆಫ್ ಮಾಡಿ ಕೇಬಲ್ ಒಂದೊಂದೇ ಸುತ್ತು ಬಿಗಿ ಮಾಡಿ, ಪ್ರತಿ ಸಲವೂ ಗೇರ್ ಕಡ್ಡಿ ಆಡಿಸಿ ನೋಡಿ.