ಓದುಗರ ಪ್ರಶ್ನೆ: ಬೀದಿಯ ಮೂವರು, ಕಸದಲ್ಲಿ ಸಿಕ್ಕ ಕೂಸು

(ಈ ಬಾರಿಯ ಪ್ರಶ್ನೆಗಳೆಲ್ಲ ಸತೋಶಿ ಕೋನ್ ನಿರ್ದೇಶನದ ಜಪಾನಿ ಅನಿಮೇಷನ್ ಚಿತ್ರ ‘ಟೋಕಿಯೊ ಗಾಡ್‌ಫಾದರ್ಸ್’ ಕುರಿತು. 2003ರ ಚಿತ್ರ, ಅವಧಿ ಸುಮಾರು ಒಂದೂವರೆ ಗಂಟೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಕುಡುಕ ಗಿನ್, ಟ್ರಾನ್ಸ್‌ಜೆಂಡರ್ ಮಹಿಳೆ ಹಾನಾ, ಮನೆ ಬಿಟ್ಟು ಬಂದ ಹುಡುಗಿ ಮಿಯುಕಿಗೆ ಕಸದ ರಾಶಿಯಲ್ಲಿ ಹಸುಗೂಸು ಸಿಗುತ್ತದೆ. ಚಿತ್ರ ನೋಡದವರು ಮೊದಲ ಉತ್ತರ ಬಿಟ್ಟು ಓದಿ, ಗುಟ್ಟುಗಳು ಅಲ್ಲಿವೆ.)

ಪ್ರಶ್ನೆ: ಹೋದಲ್ಲೆಲ್ಲ ಬೇಕಾದವರೇ ಎದುರಾಗುತ್ತಾರೆ. ಇಷ್ಟೊಂದು ಕಾಕತಾಳೀಯ ಚಿತ್ರಕಥೆಯ ದೌರ್ಬಲ್ಯವಲ್ಲವೇ?

ಉತ್ತರ: ಎದುರಾಗುವವರು ಯಾರು ಎಂದು ನೋಡಿ. ಕಾರಿನಡಿ ಸಿಕ್ಕಿಕೊಂಡ ಯಾಕುಜಾ (ಜಪಾನಿನ ಪಾತಕಿ ಗುಂಪು) ಮುಖ್ಯಸ್ಥನನ್ನು ಬಿಡಿಸಿದ್ದಕ್ಕೆ ಮೂವರಿಗೂ ಮದುವೆಯೂಟ ಸಿಗುತ್ತದೆ. ಅಲ್ಲಿ ಮದುಮಗನಾಗಿ ಕೂತವನು ಗಿನ್‌ನನ್ನು ಸಾಲದಲ್ಲಿ ಮುಳುಗಿಸಿದವನೇ. ಹಿಮಕ್ಕೆ ರೈಲು ನಿಂತರೆ ಪಕ್ಕದ ರೈಲಿನ ಕಿಟಕಿಯಲ್ಲಿ ಕಾಣುವುದು ಮಿಯುಕಿ ಚೂರಿಯಿಂದ ಇರಿದು ಬಂದ ಅಪ್ಪ. ಹಾನಾ ಕುಸಿದು ಆಸ್ಪತ್ರೆ ಸೇರಿದರೆ ಅಲ್ಲಿ ನರ್ಸ್ ಆಗಿರುವವಳು ಗಿನ್‌ನ ಮಗಳು, ಸತ್ತಳೆಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ಮಗಳು! ಯಾರಿಂದ ಓಡಿ ಬಂದರೋ ಅವರ ಮುಂದೆಯೇ ಆಕಸ್ಮಿಕ ಇವರನ್ನು ತಂದು ನಿಲ್ಲಿಸುತ್ತದೆ. ಪಾತ್ರಗಳ ಕಷ್ಟ ತಪ್ಪಿಸುವ ಆಕಸ್ಮಿಕ ಕಥೆಯನ್ನು ಸಡಿಲಗೊಳಿಸುತ್ತದೆ, ಕಷ್ಟಕ್ಕೆ ದೂಡುವ ಆಕಸ್ಮಿಕ ಬಿಗಿಗೊಳಿಸುತ್ತದೆ. ಕೋನ್ ಮತ್ತು ಸಹಲೇಖಕಿ ಕೇಕೊ ನೊಬುಮೊತೊ ಹೆಚ್ಚಾಗಿ ಬಳಸಿರುವುದು ಎರಡನೆಯದನ್ನು. ಮಗುವಿನ ಹೆತ್ತವರ ಹುಡುಕಾಟ ಮಾತ್ರ ಬರೀ ಅದೃಷ್ಟದ ಮೇಲೆ ನಿಂತಿಲ್ಲ, ಮಗುವಿನ ಜೊತೆ ಸಿಕ್ಕ ಲಾಕರ್ ಕೀಲಿಯಿಂದಲೇ ಅದು ಶುರುವಾಗುತ್ತದೆ. ಕೊನೆಯಲ್ಲಿ ಬೀಸುವ ಗಾಳಿಗೆ ಈ ಸಮರ್ಥನೆ ಒಪ್ಪುವುದಿಲ್ಲ. ಅದು ನೇರ ಪವಾಡ; ಅಷ್ಟರ ಹೊತ್ತಿಗೆ ನಿರ್ದೇಶಕರು ಅದನ್ನು ಸಂಪಾದಿಸಿಕೊಂಡಿದ್ದಾರೆ ಎನ್ನುವುದು ನಮ್ಮ ಅಭಿಪ್ರಾಯ, ನೀವು ಒಪ್ಪಬೇಕಿಲ್ಲ.

ಪ್ರಶ್ನೆ: ಮಗುವನ್ನು ತಕ್ಷಣ ಪೊಲೀಸರಿಗೆ ಯಾಕೆ ಒಪ್ಪಿಸುವುದಿಲ್ಲ?

ಉತ್ತರ: ಗಿನ್ ಮೊದಲು ಹೇಳುವುದೇ ಅದನ್ನು. ಜಪಾನಿನ ಕುಟುಂಬ ನೋಂದಣಿ ಕಾಯ್ದೆಯ 57ನೇ ವಿಧಿಯ ಪ್ರಕಾರ, ಬಿಟ್ಟುಹೋದ ಕೂಸು ಸಿಕ್ಕರೆ 24 ಗಂಟೆಯೊಳಗೆ ಸ್ಥಳೀಯ ಮೇಯರ್‌ಗೆ ತಿಳಿಸಬೇಕು. ಹೆತ್ತವರು ಗೊತ್ತಿಲ್ಲದಿದ್ದರೆ ಹೆಸರು, ಅಡ್ಡಹೆಸರು, ನೋಂದಣಿಯ ಊರು ಎಲ್ಲವನ್ನೂ ಮೇಯರೇ ಗೊತ್ತುಮಾಡುತ್ತಾರೆ. ತಾಯಿಯ ಮುಖವನ್ನೇ ಕಾಣದೆ ಬೆಳೆದ ಹಾನಾಗೆ ಇದು ಸಹಿಸದು. ಅದಕ್ಕೇ ಆಕೆ ತಾನೇ ಮುಂದಾಗಿ ಮಗುವಿಗೆ ಕಿಯೊಕೊ ಎಂದು ಹೆಸರಿಡುತ್ತಾಳೆ. ಮಿಯುಕಿಯ ಅಪ್ಪ ಪೊಲೀಸ್ ಎನ್ನುವುದನ್ನೂ ಮರೆಯಬೇಡಿ.

ಪ್ರಶ್ನೆ: ಶ್ರೀಮಂತ ಟೋಕಿಯೊದಲ್ಲಿ ಇಷ್ಟು ಜನ ಬೀದಿಯಲ್ಲಿದ್ದರೇ? ಹುಡುಗರು ಬಂದು ಹೊಡೆಯುವುದು ಉತ್ಪ್ರೇಕ್ಷೆ ಅನಿಸಿತು.

ಉತ್ತರ: ಎರಡೂ ನಿಜ. ಚಿತ್ರ ಬಂದ ವರ್ಷವೇ ಸರ್ಕಾರ ನಡೆಸಿದ ಗಣತಿಯಲ್ಲಿ ದೇಶದಲ್ಲಿ 25,296 ನಿರ್ವಸತಿಗರು ಲೆಕ್ಕಕ್ಕೆ ಸಿಕ್ಕಿದ್ದರು. 1990ರ ದಶಕದ ಆರ್ಥಿಕ ಕುಸಿತದ ನಂತರ ಶಿಂಜುಕು ನಿಲ್ದಾಣದ ಪಶ್ಚಿಮ ದ್ವಾರದ ಬಳಿ ರಟ್ಟಿನ ಪೆಟ್ಟಿಗೆಗಳ ವಸತಿಯೇ ಬೆಳೆದಿತ್ತು. 1996ರಲ್ಲಿ ನಗರಾಡಳಿತ ಅವರನ್ನು ಒಕ್ಕಲೆಬ್ಬಿಸಿತು. ಚಿತ್ರದಲ್ಲಿ ಕಾಣುವ ನೀಲಿ ಟಾರ್ಪಾಲಿನ ಗುಡಾರಗಳೂ ಆ ಕಾಲದ ಉದ್ಯಾನಗಳಲ್ಲಿ ಸಾಮಾನ್ಯ. ಹದಿಹರೆಯದವರ ಗುಂಪು ಬೀದಿಯವರ ಮೇಲೆ ಹಲ್ಲೆ ಮಾಡಿದ ಪ್ರಕರಣ 1983ರಲ್ಲೇ ಯೊಕೊಹಾಮಾದಲ್ಲಿ ನಡೆದು ದೇಶವನ್ನು ಬೆಚ್ಚಿಬೀಳಿಸಿತ್ತು.

ಪ್ರಶ್ನೆ: ಜಪಾನಿನಲ್ಲಿ ಕ್ರಿಸ್‌ಮಸ್ ದೊಡ್ಡ ಹಬ್ಬವೇ?

ಉತ್ತರ: ಡಿಸೆಂಬರ್ 25 ಅಲ್ಲಿ ಸರ್ಕಾರಿ ರಜೆಯಲ್ಲ. ಹಿಂದಿನ ಸಂಜೆ ಪ್ರೇಮಿಗಳದ್ದು. ಮನೆಮಂದಿ ಸೇರುವುದು ಹೊಸ ವರ್ಷಕ್ಕೆ. ಕಥೆ ಅಲ್ಲಿಂದ ಇಲ್ಲಿಗೆ ಸಾಗುವುದು ಅದಕ್ಕೇ. ವರ್ಷಾಂತ್ಯದಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ ಹಾಡುವುದು ಅಲ್ಲಿನ ವಾಡಿಕೆ, ಕೊನೆಯ ಹೆಸರುಗಳು ಬರುವಾಗ ಕೇಳಿಸುವುದೂ ಅದರ ರಾಗವೇ.

ಪ್ರಶ್ನೆ: ಮಕ್ಕಳಿಗೆ ತೋರಿಸಬಹುದೇ? ಡಬ್ಬಿಂಗ್ ಒಳ್ಳೆಯದೋ ಸಬ್‌ಟೈಟಲ್ಲೋ?

ಉತ್ತರ: ಅಮೆರಿಕದಲ್ಲಿ ಇದಕ್ಕೆ ಪಿಜಿ-13 ದರ್ಜೆ. ಹೊಡೆತ, ಗುಂಡು, ಬೈಗುಳ, ಆತ್ಮಹತ್ಯೆಯ ಯತ್ನ ಎಲ್ಲ ಇವೆ. ಹದಿಮೂರು ದಾಟಿದವರಿಗೆ, ಅದೂ ದೊಡ್ಡವರ ಜೊತೆ. 2020ರಲ್ಲಿ ಬಂದ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಹಾನಾಗೆ ದನಿ ಕೊಟ್ಟವರು ಟ್ರಾನ್ಸ್‌ಜೆಂಡರ್ ನಟಿ ಶಕೀನಾ ನೇಫ್ಯಾಕ್. ಮೊದಲ ಸಲ ನೋಡುವವರು ಅದನ್ನೇ ಹಾಕಿಕೊಳ್ಳಿ: ಕಟ್ಟಡಗಳಲ್ಲಿ ಮುಖಗಳು ಅಡಗಿವೆ, ಆರಂಭದ ಹೆಸರುಗಳು ಬೀದಿಯ ಫಲಕಗಳ ಮೇಲೇ ಬರುತ್ತವೆ. ಸಾಲು ಓದುತ್ತಾ ಕೂತರೆ ಅರ್ಧ ತಪ್ಪಿಹೋಗುತ್ತದೆ.