ಹೊಸ್ತಿಲಿಲ್ಲದ ಮನೆಗೆ ಹೊರಟ ತಂಗಿಗೆ

ತಂಗೀ, ಮದುವೆಯಾಗಿ ಕಾಸರಗೋಡಿನ ಬದಿಯಡ್ಕದಿಂದ ಶಾರ್ಜಾಕ್ಕೆ, ನಾನಿರುವ ಕಡೆಗೇ, ಹೊರಟಿರುವೆ. ಅಜ್ಜಿ ಮಾಡಿಸುತ್ತಿದ್ದ ಹೊಸ್ತಿಲು ಪೂಜೆ, ತುಳುನಾಡಿನ ಭೂಮಿತಾಯಿಯ ಹಬ್ಬ ಕೆಡ್ಡಸ ಎಲ್ಲ ಅಲ್ಲಿ ನಡೆದೀತೇ, ಪೂಜೆಯ ಪುಸ್ತಕಗಳನ್ನು ತರಲೇ ಎಂದು ಕೇಳಿದ್ದೀಯ. ಪುಸ್ತಕ ಬೇಡ. ಅದರಲ್ಲಿರುವುದು ಮೊಬೈಲಿನಲ್ಲೇ ಸಿಗುತ್ತದೆ, ಮಂತ್ರ ಹೇಳುವವರೂ ಸಿಗುತ್ತಾರೆ. ಸಿಗದಿರುವುದು ಅಜ್ಜಿಯ ಬಾಯಿಪಾಠ.

ಸೋಣ (ಸಿಂಹ) ತಿಂಗಳ ಹೊಸ್ತಿಲು ಪೂಜೆಗೆ ನಮ್ಮಲ್ಲಿ ಪುರೋಹಿತರನ್ನು ಕರೆದವರುಂಟೇ? ಮನೆಯ ಹೆಂಗಸರೇ ರಂಗೋಲಿ ಬರೆದು, ತುಂಬೆ ಹೂವಿಟ್ಟು ಮುಗಿಸುತ್ತಾರೆ. ಇಲ್ಲಿನ ಫ್ಲಾಟುಗಳ ಬಾಗಿಲಿಗೆ ಹೊಸ್ತಿಲೇ ಇಲ್ಲ. ಹೊರಗಿನ ಓಣಿ ಎಲ್ಲರಿಗೂ ಸೇರಿದ್ದು, ಅಲ್ಲಿ ಬರೆದದ್ದನ್ನು ಒರೆಸಿಬಿಡುತ್ತಾರೆ. ನಾನು ಬಾಗಿಲ ಒಳಗೆ ಒಂದು ಮಣೆಯ ಮೇಲೆ ಬರೆಯುತ್ತೇನೆ. ತುಂಬೆಯ ಬದಲು ಮಲ್ಲಿಗೆ.

ಕೆಡ್ಡಸ ಅಷ್ಟು ಸುಲಭವಲ್ಲ. ಮಕರ ಮಾಸದ ಕೊನೆಗೆ ಭೂಮಿತಾಯಿ ಮುಟ್ಟಾಗುತ್ತಾಳೆಂದು ನೆಲ ಅಗೆಯದೆ, ಉಳದೆ ಬಿಟ್ಟು, ಕೊನೆಗೆ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ, ಅರಸಿನ ಎರೆಯುತ್ತಾರೆ. ಇಲ್ಲಿ ಕೆಲವರು ಹೂಕುಂಡಕ್ಕೆ ಎರೆಯುತ್ತಾರೆ. ತಪ್ಪೆನ್ನಲಾರೆ, ಆದರೆ ಉಳುವವರೇ ಇಲ್ಲದ ಕಡೆ ಭೂಮಿಗೆ ಯಾವ ಕೆಲಸದಿಂದ ರಜೆ?

ಬಾಯಿಂದ ಬಾಯಿಗೆ ಬಂದ ತುಳು ಕಥನಗೀತೆ ಪಾಡ್ದನದ ವಿಷಯದಲ್ಲಿ ನನ್ನದು ಸ್ವಲ್ಪ ಖಡಕ್ ಅಭಿಪ್ರಾಯ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಒಬ್ಬಳು ಹಾಡು ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ದೈವಾರಾಧನೆಯ ಕೋಲದಲ್ಲಿ ದೈವದ ವೇಷ ಕಟ್ಟುವವರ ಮನೆಯ ಹೆಂಗಸೇ ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ದೈವದ ಹುಟ್ಟು, ಪ್ರಸರಣದ ಕಥೆ ಹೇಳುತ್ತಾಳೆ. ಅದು ಅವಳ ಮನೆತನದ ವಿದ್ಯೆ. ಯಾರೋ ಧ್ವನಿಮುದ್ರಿಸಿದ್ದನ್ನು ಕೇಳಿ ಕಲಿತು ಸಂಘದ ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷದ ಕಾರ್ಯಕ್ರಮ ಮಾಡುವವರನ್ನು ನಾನು ಮೆಚ್ಚುವುದಿಲ್ಲ. ಪಾಡ್ದನಗಾರ ಗೋಪಾಲ ನಾಯ್ಕರು ಹೇಳಿದ, ತುಳುವರು ಆರಾಧಿಸುವ ಸಿರಿ ಎಂಬ ಹೆಣ್ಣಿನ ಕಥೆಯಾದ ಸಿರಿ ಪಾಡ್ದನ 15,683 ಸಾಲುಗಳಷ್ಟಾಗಿ 1998ರಲ್ಲಿ ಅಚ್ಚಾಯಿತು, ದೊಡ್ಡ ಕೆಲಸವೇ. ಆದರೂ ಸಿರಿ ಜಾತ್ರೆಯಲ್ಲಿ ಆವೇಶ ಬಂದ ಹೆಂಗಸು ಮಾತನಾಡುವುದು ಅಚ್ಚಾದದ್ದನ್ನು ಓದಿಯಲ್ಲ.

ನೀನು ತರಬಹುದಾದದ್ದು ಶೋಭಾನೆ. ಇಲ್ಲಿ ಸೀಮಂತ, ನಾಮಕರಣಗಳು ಬೇಕಾದಷ್ಟು ನಡೆಯುತ್ತವೆ. ಆರತಿ ಎತ್ತುವಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎರಡು ಹಾಡು ಬಲ್ಲವಳಿಗೆ ವಾರಾಂತ್ಯಗಳೆಲ್ಲ ಕರೆಯೋ ಕರೆ. ಆದರೆ ಹಾಡುವುದೂ, ಕಡುಬು ಬೇಯಿಸುವುದೂ, ಸೋಮವಾರ ಕಚೇರಿಗೆ ಓಡುವುದೂ ನಿನ್ನೊಬ್ಬಳ ಪಾಲಿಗೇ ಬಂದೀತು. ಗಂಡನಿಗೆ ತೆಂಗಿನಕಾಯಿ ತುರಿಯಲು ಮೊದಲ ಹಬ್ಬದಲ್ಲೇ ಹೇಳು. ಆಮೇಲೆ ಹೇಳಿದರೆ ನಡೆಯುವುದಿಲ್ಲ.

ಹೊರಡುವ ಮುಂಚೆ ಅಜ್ಜಿಯ ಎದುರು ಕುಳಿತು ಹಾಡಿಸಿಕೊಂಡು ಧ್ವನಿಮುದ್ರಿಸಿಕೋ. ಬರೀ ಹಾಡಲ್ಲ: ಯಾವುದು ಯಾವ ಹೊತ್ತಿಗೆ, ಮೊದಲು ಯಾರು ಎತ್ತಬೇಕು, ಎಲ್ಲಿ ಇತರರು ಸೇರಬೇಕು ಎಂಬುದನ್ನೂ ಹೇಳಿಸು. ನೀನು ತಪ್ಪು ಹಾಡಿ, ಅವರು ತಿದ್ದುವುದೂ ಅದರಲ್ಲಿರಲಿ. ಬಂದ ಮೇಲೆ ಫೋನಿನಲ್ಲಿ ಕಲಿಯುತ್ತೇನೆ ಎಂದುಕೊಳ್ಳಬೇಡ. ಊರಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ದುಬೈಯ ಕಚೇರಿ ಬಿಟ್ಟು ಶಾರ್ಜಾದ ವಾಹನಗಳ ಸಾಲು ದಾಟಿ ನೀನು ಮನೆ ಸೇರುವ ಹೊತ್ತಿಗೆ ಅಜ್ಜಿ ಮಲಗಿರುತ್ತಾರೆ.